ಬೀಗ ಹಾಕಿದ ಬಾಗಿಲಿಗೆ ಬಂದ ಬನ್ನಿ

ಒಂಟಿತನಕ್ಕೆ ಹಬ್ಬದ ದಿನ ಹಸಿವು ಹೆಚ್ಚು. ಉಳಿದ ದಿನಗಳಲ್ಲಿ ಅದು ಮೂಲೆಯಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಚಟಪಟ ಅಂದಿತೋ, ಎದ್ದು ಕೂರುತ್ತದೆ. ನನಗಿದು ಗೊತ್ತಾದದ್ದು ಮೈಸೂರು ಬಿಟ್ಟು ಪರದೇಶದಲ್ಲಿ ಕಳೆದ ಮೊದಲ ದಸರೆಯಲ್ಲಿ. ಪರದೇಶವೆಂದರೆ ವಿಲಾಯತಿಯಲ್ಲ, ಹೈದರಾಬಾದ್ ಸಂಸ್ಥಾನದ ಕಮಲಾಪುರ. ನಗಬೇಡಿ. ಪೊಲೀಸ್ ಕಾರ್ಯಾಚರಣೆ ಮುಗಿದು ವರ್ಷವಾಗಿದ್ದರೂ ನಾನು ನಮ್ಮ ರೂಪಾಯಿ ಕೊಟ್ಟರೆ ಅಂಗಡಿಯವನು ನಿಜಾಮರ ಚಿಲ್ಲರೆ ಕೊಡುತ್ತಿದ್ದ. ಕಾಫಿ ಕೇಳಿದರೆ ಚಹಾ ಕೊಡುತ್ತಿದ್ದ. ಕಾಫಿ ಸಿಗದ ಊರು ಮೈಸೂರಿನವನಿಗೆ ಪರದೇಶವಲ್ಲದೆ ಇನ್ನೇನು?

ನಾನಲ್ಲಿಗೆ ಹೋದದ್ದು ಸೇವೆಗೆ. ಅಲ್ಲಿನ ಜನ ಉರ್ದು ಶಾಲೆ ಬಿಟ್ಟರೆ ಬೇರೆ ಕಾಣದವರು, ಕನ್ನಡದ ಅಕ್ಷರ ಕಲಿಸಲು ಸ್ವಯಂಸೇವಕರು ಬೇಕೆಂದು ಮೈಸೂರಿನ ಒಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು, ನಾನು ಕೈಯೆತ್ತಿದೆ. ಸೊಳ್ಳೆ ಓಡಿಸಲು ಎತ್ತಿದ್ದು ಎಂದು ಗೆಳೆಯರು ಈಗಲೂ ಹೇಳುತ್ತಾರೆ. ಅಂತೂ ಸಂಜೆ ಹೊತ್ತು ಕಂದೀಲಿನ ಬೆಳಕಿನಲ್ಲಿ, ನನ್ನ ಅಪ್ಪನ ವಯಸ್ಸಿನ ರೈತರಿಗೆ ಅ ಆ ಇ ಈ ತಿದ್ದಿಸುತ್ತಿದ್ದೆ. ಅವರು ಬರೆಯುತ್ತಿದ್ದರು, ಕೈಮುಗಿಯುತ್ತಿದ್ದರು, ಹೋಗುತ್ತಿದ್ದರು. ಒಬ್ಬರೂ "ಮನೆಗೆ ಬನ್ನಿ" ಅನ್ನಲಿಲ್ಲ. ನಮ್ಮ ಕಡೆ ದಸರೆ ಬಂದರೆ ಗೊಂಬೆ ನೋಡಲು ಬನ್ನಿ ಎಂದು ಮನೆಮನೆಗೆ ಕರೆಯುತ್ತಾರೆ. ಇಲ್ಲಿ ನನಗೆ ದಿನಾ ರೊಟ್ಟಿ ಹಾಕುತ್ತಿದ್ದ ಮನೆಯೊಡತಿ ಶರಣಮ್ಮ ಕೂಡ, "ಹಬ್ಬದ ದಿನ ಎಲ್ಲೂ ಹೋಗಬ್ಯಾಡ್ರಿ ಮಾಸ್ತರ, ನಿಮ್ಮ ಮನ್ಯಾಗೇ ಇರ್ರಿ" ಎಂದುಬಿಟ್ಟರು. ಇದಕ್ಕಿಂತ ಸ್ಪಷ್ಟವಾಗಿ "ನಮ್ಮನೆಗೆ ಬರಬೇಡ" ಎಂದು ಹೇಳುವುದು ಹೇಗೆ?

ನನಗೆ ರೋಷ ಬಂತು. ವಿಜಯದಶಮಿಯ ದಿನ ಬಾಗಿಲಿಗೆ ಬೀಗ ಜಡಿದು, ಬಸ್ಸು ಹತ್ತಿ ಕಲಬುರಗಿಗೆ ಹೋದೆ. ಅಲ್ಲೊಂದು ಹೋಟೆಲಿನಲ್ಲಿ ಕಾಫಿ ಸಿಗುತ್ತದೆಂದು ಕೇಳಿದ್ದೆ. ಹಬ್ಬಕ್ಕೆಂದು ಅದೂ ಮುಚ್ಚಿತ್ತು. ಸಂಜೆ ಬೀದಿಯಲ್ಲಿ ದೊಡ್ಡವರು ಸಣ್ಣವರೆಲ್ಲ ಹೊಸಬಟ್ಟೆ ತೊಟ್ಟು, ಕೈಯಲ್ಲಿ ಸೊಪ್ಪು ಹಿಡಿದು ಓಡಾಡುತ್ತಿದ್ದರು. ಎಲ್ಲರ ಮನೆಯಲ್ಲೂ ಮೇಕೆ ಇರಬೇಕು ಅಂದುಕೊಂಡೆ. ನಮ್ಮೂರಲ್ಲಿ ಬನ್ನಿ ಪೂಜೆ ಅರಮನೆಯವರ ಪಾಲು. ನಾವು ನೋಡುತ್ತಿದ್ದದ್ದು ಆನೆ. ಕೊನೆಗೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ದಕ್ಷಿಣಕ್ಕೆ ಹೋಗುವ ರೈಲುಗಳನ್ನು ನೋಡಿದೆ. ಅಮ್ಮ ಈಗ ಗೊಂಬೆಗಳಿಗೆ ಆರತಿ ಎತ್ತುತ್ತಿರುತ್ತಾಳೆ ಅನ್ನಿಸಿತು. ಸಾಕಪ್ಪ ಈ ಸೇವೆ, ನಾಳೆಯೇ ಗಂಟುಮೂಟೆ ಕಟ್ಟುವುದು ಎಂದು ನಿಶ್ಚಯಿಸಿ ಅಲ್ಲೇ ಮಲಗಿದೆ.

ಬೆಳಿಗ್ಗೆ ಕಮಲಾಪುರಕ್ಕೆ ಬಂದರೆ ನನ್ನ ಹೊಸ್ತಿಲ ಮೇಲೆ ಬಾಡಿದ ಸೊಪ್ಪಿನ ರಾಶಿ. ಕರೆಯದಿದ್ದರೆ ಹೋಗಲಿ, ಕಸ ಬೇರೆ ತಂದು ಸುರಿದಿದ್ದಾರೆ! ಟ್ರಂಕು ತುಂಬಿಸಿ, ಹೋಗುವ ಮುಂಚೆ ಮರ್ಯಾದಸ್ಥನಂತೆ ಪೊರಕೆ ಹಿಡಿದು ಎಲ್ಲವನ್ನೂ ತಿಪ್ಪೆಯ ಕಡೆ ಗುಡಿಸತೊಡಗಿದೆ. ಶರಣಮ್ಮ ಓಡಿಬಂದರು.

"ಏ ಮಾಸ್ತರ, ಬಂಗಾರ ತಿಪ್ಪಿಗಿ ಹಾಕ್ಲಾಕತ್ತೀರಲ್ರೀ! ಬನ್ನಿ ಅದು! ನಿನ್ನಿ ಸಂಜಿಕಡಿ ನಿಮ್ಮ ಸಾಲಿ ಮಂದಿ ಎಲ್ಲಾ ಹೊಸ ಧೋತರ ಉಟ್ಕೊಂಡು ನಿಮಗ ಬನ್ನಿ ಕೊಟ್ಟು ಕಾಲಿಗಿ ಬೀಳ್ಲಾಕ ಬಂದಿದ್ರು. ನೋಡಿದ್ರ ಬಾಗಲಕ್ಕ ಕೀಲಿ! ಕುಂತು ಕುಂತು, ಹೊಸ್ತಿಲಕ್ಕ ಇಟ್ಟು ಹ್ವಾದ್ರು."

"ಯಾರೂ ನನ್ನನ್ನು ಕರೆಯಲೇ ಇಲ್ಲವಲ್ಲಮ್ಮ?"

"ಹಿರೇರ್ನ ಕರೀತಾರೇನ್ರೀ? ಹಿರೇರು ಮನ್ಯಾಗ ಕುಂದರ್ತಾರ, ಸಣ್ಣವ್ರು ಬರ್ತಾರ. ಅದಕ್ಕೇ ಅಲ್ಲೇನ್ರೀ ಮನ್ಯಾಗ ಇರ್ರಿ ಅಂದಿದ್ದು?"

ನನಗಾಗ ಮೀಸೆಯೇ ನೆಟ್ಟಗೆ ಬಂದಿರಲಿಲ್ಲ. ಅಕ್ಷರ ಕಲಿಸಿದ ತಪ್ಪಿಗೆ ಈ ಊರು ನನ್ನನ್ನು ಹಿರಿಯನನ್ನಾಗಿ ಮಾಡಿಬಿಟ್ಟಿತ್ತು. ಹುಣ್ಣಿಮೆಯವರೆಗೂ ಬನ್ನಿ ಕೊಡಬಹುದು ಎಂದು ಶರಣಮ್ಮ ಹೇಳಿದ್ದೇ ತಡ, ಸ್ನಾನ ಮಾಡಿ, ಒಗೆದ ಪಂಚೆಯುಟ್ಟು, ಕಾಲು ಮುಂದೆ ಚಾಚಿಕೊಂಡು ಬಾಗಿಲಲ್ಲಿ ಕೂತೆ. ಮಧ್ಯಾಹ್ನವಾದರೂ ಒಂದು ನರಪಿಳ್ಳೆಯೂ ಬರಲಿಲ್ಲ.

"ಕೊಟ್ಟವ್ರು ಮತ್ತ ಯಾಕ ಬರ್ತಾರ್ರೀ?" ಶರಣಮ್ಮ ನಕ್ಕರು. "ಈಗ ನೀವೇ ಹೋಗ್ರಿ."

ತಿಪ್ಪೆಯಂಚಿನಿಂದ ಬನ್ನಿ ಆರಿಸಿ, ತೊಳೆದು, ಹೊರಟೆ. ಮೊದಲ ಮನೆ ಬಸವಂತಪ್ಪನವರದು, ನನ್ನ ಅತಿ ಹಿರಿಯ ವಿದ್ಯಾರ್ಥಿ. ಅವರು ಕೊಟ್ಟ ಬನ್ನಿಯನ್ನೇ ಅವರ ಕೈಗಿಟ್ಟೆ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ ಮಾಸ್ತರ," ಎಂದು ತಬ್ಬಿಕೊಂಡರು. "ನಮ್ಮನ್ನ ಬಿಟ್ಟು ಊರಿಗಿ ಹ್ವಾದ್ರೇನೋ ಅಂತ ರಾತ್ರಿ ಊಟ ಸೇರಲಿಲ್ಲ ನೋಡ್ರಿ." ನಾನು ಅತ್ತೇಬಿಟ್ಟೆ. ಅವರು ತಿನ್ನಲು ಕೊಟ್ಟ ಹೋಳಿಗೆ ಬಿಸಿಯಿತ್ತು ಎಂದು ನೆಪ ಹೇಳಿದೆ. ಅದು ನಿನ್ನೆಯ ಹೋಳಿಗೆ. ಮನೆಗೆ ಬಂದು ಟ್ರಂಕು ಬಿಚ್ಚಿದೆ.

ಈಗ ಮೈಸೂರಿಗೆ ಮರಳಿ ಎಷ್ಟೋ ದಸರೆಗಳಾದವು. ಇಲ್ಲಿ ಕಾಫಿಗೆ ಬರವಿಲ್ಲ, ಆನೆಗೂ ಬರವಿಲ್ಲ. ಆದರೂ ವಿಜಯದಶಮಿಯ ದಿನ ನಾನು ಮೆರವಣಿಗೆಗೆ ಹೋಗುವುದಿಲ್ಲ; ಬಾಗಿಲು ತೆರೆದಿಟ್ಟು, ಹಿರಿಯನಂತೆ ಕೂರುತ್ತೇನೆ. ಈಗ ಮೀಸೆಯೂ ನೆರೆತಿದೆ. "ಯಾರು ಬರುತ್ತಾರೆ ಅಂತ ಕಾಯುತ್ತೀರಿ?" ಎಂದು ಹೆಂಡತಿ ಕೇಳುತ್ತಾಳೆ. ಯಾರೂ ಬರುವುದಿಲ್ಲ, ನನಗೂ ಗೊತ್ತು. ಆದರೆ ಮರುದಿನ ಅವಳು ಪೊರಕೆ ಹಿಡಿದು ಹೊಸ್ತಿಲಿಗೆ ಬಂದಾಗ ಮಾತ್ರ, "ತಾಳೇ, ಕಸ ನಾನೊಮ್ಮೆ ನೋಡುತ್ತೇನೆ," ಅನ್ನುತ್ತೇನೆ.