ಕುರ್ಚಿಗೊಂದು ಸ್ಟೇಟಸ್ ಕೋ

ವಕೀಲರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಟೈಪು ಕುಟ್ಟಿ ಕುಟ್ಟಿ ಗುಮಾಸ್ತರ ಬಾಯಿಗೆ ಲ್ಯಾಟಿನ್ ಅಂಟಿಕೊಂಡಿತ್ತು. ಮಗಳು ಹಾಲು ಚೆಲ್ಲಿದರೆ 'ಪ್ರೈಮಾ ಫೇಸಿ', ಅಂದರೆ ಮೇಲ್ನೋಟಕ್ಕೆ, ಅವಳೇ ತಪ್ಪಿತಸ್ಥೆ. ಹೆಂಡತಿಗೆ ತಲೆನೋವು ಬಂದರೆ ಅದು 'ಬೋನಾಫೈಡೋ', ಅಂದರೆ ಅಸಲಿಯೋ, ಎಂದು ವಿಚಾರಣೆ. ನಲ್ಲಿ ರಿಪೇರಿ ಮಾತ್ರ 'ಸೈನಿ ಡೈ', ದಿನ ಗೊತ್ತುಮಾಡದೆ ಮುಂದೂಡಿಕೆ. (ಅವರಿಗೆ ಬರುತ್ತಿದ್ದುದು ಒಟ್ಟು ಹದಿನಾಲ್ಕು ಪದ. ಮನೆಯಲ್ಲಿ ಎದುರು ವಕೀಲರಿಲ್ಲದ್ದರಿಂದ ಅಷ್ಟೇ ಸಾಕಾಗಿತ್ತು.)

ಆ ಬೆಳಿಗ್ಗೆ ವ್ಯಾಜ್ಯ ಎದ್ದದ್ದು ಒರಗು ಕುರ್ಚಿಯ ಮೇಲೆ. ಬೆತ್ತ ಹರಿದು, ಒಂದು ಕಾಲಿಗೆ ಇಟ್ಟಿಗೆಯ ಆಸರೆ ಪಡೆದ ಕುರ್ಚಿ. ಗುಮಾಸ್ತರಿಗೆ ಅದೆಂದರೆ ಪ್ರಾಣ. ಕಚೇರಿಯಲ್ಲಿ ದಿನವಿಡೀ ಸ್ಟೂಲು. ಈ ಭೂಮಂಡಲದಲ್ಲಿ ಅವರು ಬೆನ್ನು ಒರಗಿಸುವ ಜಾಗ ಅದೊಂದೇ.

"ಅದರ ಮೊಳೆಗೆ ಸಿಕ್ಕಿ ಮಗಳ ಎರಡು ಫ್ರಾಕು ಹರೀತು. ಇವತ್ತು ಗುಜರಿಯವನಿಗೆ ಕೊಟ್ಟುಬಿಡ್ತೀನಿ," ಎಂದಳು ಹೆಂಡತಿ.

ಗುಮಾಸ್ತರು ಚಪ್ಪಲಿ ಮೆಟ್ಟುತ್ತಲೇ ಆದೇಶ ಹೊರಡಿಸಿದರು. "ಸ್ಟೇಟಸ್ ಕೋ! ನಾನು ಹೇಳೋವರೆಗೂ ಈ ಮನೇಲಿ ಇದ್ದದ್ದು ಇದ್ದ ಹಾಗೇ ಇರಬೇಕು. ಒಂದು ಕಡ್ಡಿ ಅಲುಗಿದ್ರೂ ನ್ಯಾಯಾಂಗ ನಿಂದನೆ."

"ಒಂದು ಕಡ್ಡೀನೂ ಅಲುಗಬಾರದಾ?"

"ಊಹೂಂ!"

"ಆಗ್ಲಿ ಬಿಡಿ."

ಇಷ್ಟು ಸಲೀಸಾಗಿ ಗೆದ್ದಾಗ ಗಂಡನಾದವನು ಹೆದರಬೇಕು. ಇವರು ಹಿಗ್ಗಿದರು.

ಸಂಜೆ ಬಂದು ನೋಡಿದರೆ ಆದೇಶ ಚಾಚೂ ತಪ್ಪದೆ ಪಾಲನೆಯಾಗಿತ್ತು. ಕುರ್ಚಿ ಇದ್ದಲ್ಲೇ ಇತ್ತು. ಅವರು ಹಾಸಿಗೆಗೆ ಎಸೆದಿದ್ದ ಒದ್ದೆ ಟವೆಲ್ಲು, ಗಡ್ಡದ ನೊರೆ ಒಣಗಿದ ಬಟ್ಟಲು, ಇರುವೆ ಮುತ್ತಿದ ಕಾಫಿ ಲೋಟವೂ ಇದ್ದಲ್ಲೇ ಇದ್ದವು. ಒಲೆ ತಣ್ಣಗಿತ್ತು.

"ಊಟ?"

"ಅಕ್ಕಿ ಡಬ್ಬದಲ್ಲಿದೆ ರೀ. ಅಲುಗಿಸೋ ಧೈರ್ಯ ನಂಗೆಲ್ಲಿ? ನಾವಿಬ್ರೂ ಅಮ್ಮನ ಮನೇಲಿ ಉಂಡ್ವಿ."

"ಸರಿ ಮಾರಾಯ್ತಿ, ಅಕ್ಕಿ ಮಟ್ಟಿಗೆ ಆದೇಶ ವಾಪಸ್!"

"ಅಕ್ಕಿಗೊಂದು ನ್ಯಾಯ, ಕುರ್ಚಿಗೊಂದು ನ್ಯಾಯವಾ? ಅಲುಗಿದ್ರೆ ಎರಡೂ ಅಲುಗಲಿ. ಗುಜರಿಯವನು ಇನ್ನೂ ತಿರುವಿನಲ್ಲೇ ಇದ್ದಾನೆ."

ಹೊಟ್ಟೆ ತಾಳ ಹಾಕುತ್ತಿತ್ತು. ಗುಮಾಸ್ತರು ಕುರ್ಚಿಯನ್ನು ತಾವೇ ಹೊತ್ತು ತಿರುವಿನವರೆಗೆ ನಡೆದರು. ಗುಜರಿಯವನ ಗಾಡಿಯಲ್ಲಿ ಅದು ಕಾಲು ಮೇಲಾಗಿ ಬಿದ್ದದ್ದನ್ನು ಕಂಡು ಅವರಿಗೆ ನಿಜಕ್ಕೂ ಅಳು ಬಂತು.

ಮರಳಿ ಬರುವಷ್ಟರಲ್ಲಿ ತಟ್ಟೆಯಲ್ಲಿ ಬಿಸಿ ಅನ್ನ, ಪಲ್ಯ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಅತ್ತೆಯ ಮನೆಯ ಊಟದ ಕ್ಯಾರಿಯರ್.

"ಇದು ಆಗ್ಲೇ ಇತ್ತಾ?"

"ನಾಲ್ಕು ಗಂಟೆಗೇ ತಂದಿದ್ದೆ, ಈಗ ಬಿಸಿ ಮಾಡಿದೆ. ಅಮ್ಮನ ಮನೆ ನಿಮ್ಮ ಆದೇಶದ ವ್ಯಾಪ್ತಿಗೆ ಬರಲ್ವಲ್ಲ. ಬನ್ನಿ, ಆರೋಗುತ್ತೆ."

ಗುಮಾಸ್ತರು ಹದಿನಾಲ್ಕೂ ಪದಗಳನ್ನು ಮನಸ್ಸಿನಲ್ಲೇ ತಡಕಾಡಿದರು. ಒಂದೂ ಒದಗಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತು ಉಂಡರು. ಎರಡನೇ ಸಲವೂ ಹಾಕಿಸಿಕೊಂಡರು.