ಮಾವನ ಕಾಲದ ದೋಣಿ ಮೋಟಾರು

ಗುಮಾಸ್ತನಿಗೆ ಬೇಕಾಗಿದ್ದದ್ದು ವಾರಕ್ಕೊಂದೇ ಗಂಟೆ. ಕೆರೆಯ ನಟ್ಟನಡುವೆ, ಯಾರ ಬುದ್ಧಿಮಾತೂ ಮುಟ್ಟದ ಕಡೆ, ಒಬ್ಬನೇ ಸುಮ್ಮನೆ ಕೂತಿರೋಣ ಅಂತ. ಮನೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಎಲ್ಲರೂ ಅವನಿಗೆ ಹೇಳುವವರೇ. ಅವನ ಕಿವಿ ಬಸ್ ನಿಲ್ದಾಣದ ಹಾಗಾಗಿತ್ತು.

ದೋಣಿಗೆ ಹುಟ್ಟು ಹಾಕೋಣವೆಂದರೆ ಭುಜ ಹಿಡಿದುಕೊಂಡಿದೆ. ಅಷ್ಟರಲ್ಲಿ ಅಟ್ಟದ ಮೇಲೆ ಮಾವನ ಕಾಲದ ಕರೆಂಟ್ ಮೋಟಾರು ಸಿಕ್ಕಿತು. ದೋಣಿಯ ಹಿಂಬದಿಗೆ ಕಚ್ಚಿಸಿ ಬ್ಯಾಟರಿಗೆ ತಂತಿ ಕೊಟ್ಟರೆ, ಕೆಳಗಿನ ಹಿತ್ತಾಳೆ ರೆಕ್ಕೆ ನೀರು ತಳ್ಳುವಂಥದ್ದು. ಮೂರು ತಿಂಗಳು ಹಿತ್ತಿಲಲ್ಲಿ ಕೂತು ತುಕ್ಕು ಕೆರೆದ, ಬೇರಿಂಗಿಗೆ ಎಣ್ಣೆ ಕುಡಿಸಿದ, ರೆಕ್ಕೆಯನ್ನು ಮುಖ ಕಾಣುವ ಹಾಗೆ ಉಜ್ಜಿದ. ಮಗಳ ಮನೆಯಲ್ಲೇ ಇದ್ದ ಮಾವ ಹಿತ್ತಿಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಇವತ್ತು ಭಾನುವಾರ. ಇವತ್ತು ತಿರುಗಲಿಲ್ವೋ, ನಾಳೆ ಗುಜರಿಗೆ," ಅಂದಳು ಹೆಂಡತಿ.

ಬಾಕಿ ಇದ್ದದ್ದು ಎರಡು ಕಾರ್ಬನ್ ತುಂಡು, ಬೆರಳುಗುರಿನಷ್ಟು. ಅವು ಒತ್ತಿ ಕೂತರೇ ಮೋಟಾರಿನ ಹೊಟ್ಟೆಗೆ ಕರೆಂಟು. ಪಕ್ಕದ ಮನೆ ದರ್ಜಿ ಗೋಡೆ ಹಾರಿಯೇ ಬಂದ.

"ಹೊಲಿಗೆ ಮಿಷನ್ ಮೋಟಾರೂ ಇದೂ ಒಂದೇ ಜಾತಿ ಕಣಯ್ಯಾ. ಕೊಡಿಲ್ಲಿ, ಸ್ವಲ್ಪ ಉಜ್ಜಿ ಕೊಡ್ತೀನಿ."

ಅವನ ಸ್ವಲ್ಪ ಮುಗಿಯುವಾಗ ಕಾರ್ಬನ್ನು ಕಾಡಿಗೆಯಾಗಿತ್ತು. ಗುಮಾಸ್ತ ಆ ಕರಿ ಪುಡಿಯನ್ನು ಅಂಗೈಯಲ್ಲಿ ಎತ್ತಿ ತೋರಿಸಿದ. ಕೊನೆಗೆ ದರ್ಜಿಯೇ ನಾಚಿಕೊಂಡು ತನ್ನ ಮಿಷನ್ನಿನದ್ದು ಕಿತ್ತು ತಂದ. ಅದನ್ನು ಅರದಿಂದ ಉಜ್ಜಿ ಕೂರಿಸುವ ಹೊತ್ತಿಗೆ ಮಧ್ಯಾಹ್ನದ ಊಟ ತಪ್ಪಿತ್ತು.

ಮೀನಿನವನ ದೋಣಿ ಕೇಳಿ ತಂದು ಮೋಟಾರು ಕಚ್ಚಿಸಿದ್ದಾಯಿತು; ದರ್ಜಿಯೂ ಹಿಂದೆಯೇ ಬಂದ. ಕೆರೆ ದಡದಲ್ಲಿ ನಿವೃತ್ತ ಮೇಷ್ಟ್ರು ಕಾದಿದ್ದರು. ತಂತಿ ಕೈಗೆತ್ತಿಕೊಂಡರು.

"ಕೆಂಪು ಅಂದ್ರೇನು? ಅಪಾಯ. ಅದನ್ನ ಪ್ಲಸ್ಸಿಗೆ ಯಾರಾದ್ರೂ ಕೊಡ್ತಾರಾ? ಮೈನಸ್ಸಿಗೆ ಕೊಟ್ರೆ ಅಪಾಯ ಕಳೀತು. ಲೆಕ್ಕ ಸರಿ ಹೋಯ್ತು."

"ಮೇಷ್ಟ್ರೇ, ನಂಗನ್ಸೋದು..."

"ಅನ್ಸೋದೆಲ್ಲ ಬೇಡ, ಒತ್ತಯ್ಯಾ."

ಒತ್ತಿದ. ಮೋಟಾರು ತಿರುಗಿತು, ಆದರೆ ತಿರುಗಾಮುರುಗಾ. ಮುಂದೆ ಹೋಗಬೇಕಾದ ದೋಣಿ ಎಮ್ಮೆಯ ಹಾಗೆ ಹಿಂದಕ್ಕೇ ಬಂದು ದಡಕ್ಕೆ ಒರಗಿತು. ರೆಕ್ಕೆ ಕೆಸರಿಗಿಳಿದು ಮೇಷ್ಟ್ರಿಗೆ, ದರ್ಜಿಗೆ, ಒಗೆದು ಹರವಿದ್ದ ಯಾರದೋ ಬಟ್ಟೆಗೆಲ್ಲ ಸಮನಾಗಿ ಬಳಿಯಿತು.

"ಮೊದಲೇ ಹೇಳ್ಬೇಕಿತ್ತಪ್ಪಾ ನೀನು," ಅಂದರು ಮೇಷ್ಟ್ರು, ಕನ್ನಡಕ ಒರೆಸುತ್ತ.

ಗುಮಾಸ್ತ ಹಲ್ಲು ಕಚ್ಚಿ ರೆಕ್ಕೆ ತೊಳೆದ, ತಂತಿ ಅದಲುಬದಲು ಮಾಡಿದ, ದೋಣಿ ತಳ್ಳಿ ಹತ್ತಿದ. ಈ ಸಲ ದೋಣಿ ಎಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಸದ್ದಿಲ್ಲ, ಹೊಗೆಯಿಲ್ಲ. "ಬಲಕ್ಕೆ ತಿರುಗ್ಸಿ," "ಎಡಕ್ಕೆ," ಅನ್ನುವ ಕೂಗು ಸ್ವಲ್ಪ ದೂರ ಬೆನ್ನಟ್ಟಿ, ಸುಸ್ತಾಗಿ ನಿಂತಿತು. ನಡುನೀರಿನಲ್ಲಿ ಮೋಟಾರು ನಿಲ್ಲಿಸಿದ. ನೀರು ದೋಣಿಗೆ ತಟ್ಟುವುದು ಬಿಟ್ಟರೆ ಲೋಕವೇ ಬಾಯಿ ಮುಚ್ಚಿತ್ತು. ಅವನ ಕಣ್ಣು ತುಂಬಿ ಬಂತು.

ಬಿಸಿಲು ಇಳಿದ ಮೇಲೆ ದಡಕ್ಕೆ ಮರಳಿದರೆ ಅಲ್ಲಿ ಹೆಂಡತಿ, ಅವಳ ಹಿಂದೆ ಅವಳ ಚಿಕ್ಕಮ್ಮ, ಅತ್ತಿಗೆ, ಅತ್ತಿಗೆಯ ತಾಯಿ, ನಾಲ್ಕು ಚೀಲ. ಹೆಂಡತಿಯ ಮುಖ ಮದುವೆ ದಿನವೂ ಅಷ್ಟು ಅರಳಿರಲಿಲ್ಲ.

"ಏನ್ರೀ, ಎಷ್ಟು ಚೆನ್ನಾಗಿ ಹೋಗತ್ತೆ. ಅಣ್ಣನ ಮನೆ ಆಚೆ ದಡದಲ್ಲೇ ಅಲ್ವಾ, ಬಸ್ಸಲ್ಲಿ ಸುತ್ತಿ ಸುತ್ತಿ ಸಾಕಾಗಿತ್ತು. ಇನ್ಮೇಲೆ ಪ್ರತಿ ಭಾನುವಾರ ಹೋಗೋದು, ಬರೋದು. ಇವರೆಲ್ಲ ಒಪ್ಪಿದಾರೆ. ಸರೀರಿ ಆ ಕಡೆ, ಚಿಕ್ಕಮ್ಮಂಗೆ ನಡುವಿನ ಹಲಗೇನೇ ಬೇಕು."

ಚೀಲಗಳು ಒಳಗಿಳಿದವು. ಊರುಗೋಲು ಊರಿಕೊಂಡು ಬಂದಿದ್ದ ಮಾವ ದೋಣಿಯಂಚು ಹಿಡಿದು ಬಗ್ಗಿ, ಮೆಲ್ಲಗೆ ಅಂದರು:

"ನಿಮ್ಮತ್ತೆಯ ತವರೂ ಆಚೆ ದಡದಲ್ಲೇ ಇತ್ತು ಅಳಿಯಂದ್ರೇ. ಎರಡು ವರ್ಷ ಹೀಗೇ ಎಲ್ಲರನ್ನೂ ಸಾಗಿಸ್ದೆ. ಆಮೇಲೆ ಕೆಟ್ಟುಹೋಯ್ತು ಅಂತ ಹೇಳಿ ನಾನೇ ಅಟ್ಟಕ್ಕೆ ಹಾಕ್ದೆ."

ಗುಮಾಸ್ತ ಮಾವನತ್ತ ತಿರುಗಿದ. "ಮೂರು ತಿಂಗಳು ನೋಡ್ತಾ ಕೂತಿದ್ರಲ್ಲ ಮಾವಾ. ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಇದ್ದೆ," ಅಂದರು ಮಾವ. "ಎಲ್ಲರೂ ನಿಮಗೆ ಬುದ್ಧಿ ಹೇಳೋರೇ. ಪಾಪ, ನಾನೊಬ್ಬನಾದ್ರೂ ಸುಮ್ನಿರೋಣ ಅಂದ್ಕೊಂಡೆ."