ಅಳಿಯ ನುಂಗಿದ ಎಂಟು

ಮೂರನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಆದರೂ ನನ್ನ ಕಣ್ಣೆದುರು ಒಂದು ಅಂಕೆ ತಪ್ಪಿದರೆ ತಿದ್ದದೆ ಬಿಟ್ಟವಳಲ್ಲ, ಬಿಡುವವಳೂ ಅಲ್ಲ! ದರ್ಜಿಯಾಗಿದ್ದ ನಮ್ಮ ಯಜಮಾನರು ಬದುಕಿದ್ದಾಗ ಅವರ ಟೇಪಿನಲ್ಲಿ ಸವೆದುಹೋದ ಅಂಕೆಗಳನ್ನೆಲ್ಲ ಮಸಿಯಲ್ಲಿ ಮತ್ತೆ ಬರೆದು ಕೊಡುತ್ತಿದ್ದವಳು ನಾನೇ. ಊರಲ್ಲಿ ಒಬ್ಬರ ಅಂಗಿಯೂ ಬಿಗಿಯಾಗಲಿಲ್ಲ!

ಇಂಥವಳಿಗೆ ಸಿಕ್ಕ ಅಳಿಯ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಬೀರುವಿಗೆ ಗುಂಡಿ ಒತ್ತಿ ತೆರೆಯುವ ಬೀಗ ಹಾಕಿಸಿ, ಗುಟ್ಟಿನ ಸಂಖ್ಯೆಯ ಚೀಟಿಯನ್ನು ಮಂತ್ರಾಕ್ಷತೆಯಂತೆ ನನ್ನ ಕೈಗಿತ್ತ. "ಅತ್ತೆ, ಅಪರೂಪದ ಸಂಖ್ಯೆ ಇದು. ಬಾಯಿಪಾಠ ಮಾಡ್ಕೊಳ್ಳಿ."

ನೋಡುತ್ತೇನೆ: 12345679. ಏಳಾದ ಮೇಲೆ ಒಂಬತ್ತು! ಇಪ್ಪತ್ತು ವರ್ಷ ಪಾಠ ಹೇಳಿದ ಮಹಾಶಯನಿಗೆ ಎಣಿಸಲು ಬರುವುದಿಲ್ಲ! ಪಾಪ, ಮನೆಯ ಮಾನ ಉಳಿಯಲಿ ಎಂದು ನಡುವೆ ದಪ್ಪನೆಯ ಎಂಟು ಕೂರಿಸಿ, ಬಾಯಿಪಾಠ ಮಾಡಿ, ಚೀಟಿಯನ್ನು ಒಲೆಗೆ ಹಾಕಿದೆ.

ವಾರದ ಮೇಲೆ ಮಗಳಿಗೆ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ಸಂದರ್ಶನ. ಹನ್ನೊಂದು ಗಂಟೆಗೆ ಅಲ್ಲಿರಬೇಕು. ಸರ್ಟಿಫಿಕೇಟುಗಳೆಲ್ಲ ಬೀರುವಿನೊಳಗೆ.

"ಅಮ್ಮಾ, ನಂಬರ್ ಹೇಳು ಬೇಗ!"

ನಾನು ಗತ್ತಿನಿಂದ ಹೇಳಿದೆ. ಎಂಟನೇ ಗುಂಡಿ ಒತ್ತುತ್ತಲೇ ಬೀಗ ಕೀಂಯ್ ಎಂದಿತು.

"ತಪ್ಪು ಅಂತಿದೆಯಲ್ಲಮ್ಮಾ!"

"ಅದಕ್ಕೇನು ಗೊತ್ತು? ನಿನ್ನ ಗಂಡನ ಬೀಗ ನಿನ್ನ ಗಂಡನ ಹಾಗೇ! ಇನ್ನೊಂದ್ಸಲ ಒತ್ತು."

ಮೂರನೇ ಸಲ ಅರಚಿದ ಬೀಗ ಅರ್ಧ ಗಂಟೆ ಮುಷ್ಕರ ಹೂಡಿತು. ಮಗಳು ಅಳುತ್ತಾ ಗಂಡನಿಗೆ ಫೋನ್ ಮಾಡಿ ನನ್ನ ಕಿವಿಗೆ ಹಿಡಿದಳು.

"ಅತ್ತೆ, ನಡುವೆ ಎಂಟು ಸೇರಿಸಿದ್ರಾ?"

"ನೀವು ನುಂಗಿದ್ದನ್ನ ನಾನು ಕಕ್ಕಿಸ್ದೆ!"

"ಅದರ ಚೆಂದಾನೇ ಎಂಟಿಲ್ಲದಿರೋದು! ಒಂಬತ್ತರಿಂದ ಗುಣಿಸಿ ನೋಡಿ."

ಮಗಳು ಬಾಗಿಲಿಗೂ ಗಡಿಯಾರಕ್ಕೂ ಓಡಾಡುತ್ತಿದ್ದಳು. ಅಳಿಯನ ಸೊಕ್ಕು ಮುರಿಯಲೆಂದು ನಾನು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತೆ. ಒಂಬತ್ತೊಂಬತ್ಲಿ ಎಂಬತ್ತೊಂದು, ಒಂದು ಇಳಿಸಿದೆ, ದಶಕ ಎಂಟು. ಅಯ್ಯೋ, ಕಳ್ಳ ಎಂಟು ಇಲ್ಲಿ ಅಡಗಿತ್ತು! ಏಳೊಂಬತ್ಲಿ ಅರವತ್ತಮೂರು, ದಶಕ ಸೇರಿ ಎಪ್ಪತ್ತೊಂದು; ಮತ್ತೆ ಒಂದು. ಆಮೇಲೂ ಒಂದು, ಒಂದು... ಕೊನೆಗೆ ಸಾಲಾಗಿ ಒಂಬತ್ತು ಒಂದುಗಳು, ಒಂಬತ್ತು ಬೆರಳುಗಳಂತೆ, ನನ್ನನ್ನೇ ತೋರಿಸುತ್ತ ನಿಂತಿದ್ದವು!

ಅರ್ಧ ಗಂಟೆಯ ಮುಷ್ಕರ ಮುಗಿದದ್ದೇ ತಡ, ಎಂಟಿಲ್ಲದ ಸಂಖ್ಯೆಗೆ ಬೀಗ ಬಾಯಿಬಿಟ್ಟಿತು. ಮಗಳು ಓಡಿದಳು.

ಸಾಯಂಕಾಲ ಬಂದು ಹೇಳಿದಳು: "ಎಲ್ಲರಿಗಿಂತ ಕೊನೆಗೆ ಹೋದೆ. ಯಾಕೆ ತಡ ಅಂದ್ರು. ನಡೆದಿದ್ದನ್ನೇ ಹೇಳ್ದೆ. ಹೆಡ್ ಮೇಡಂ ಬೋರ್ಡಿನ ಮೇಲೆ ಆ ಗುಣಾಕಾರ ಮಾಡಿಸಿ, ಕಣ್ಣಲ್ಲಿ ನೀರು ಬರೋವರೆಗೂ ನಕ್ಕು, ಸೋಮವಾರದಿಂದ ಬನ್ನಿ ಅಂದ್ರು!"

"ನೋಡಿದ್ರಾ?" ಎಂದು ನಾನು ಅಳಿಯನತ್ತ ತಿರುಗಿದೆ. "ನಾನು ತಿದ್ದಿದ್ದಕ್ಕೇ ಕೆಲಸ ಸಿಕ್ತು!"

ಅವನು ಮರುದಿನವೇ ಗುಂಡಿಯ ಬೀಗ ಬಿಚ್ಚಿಸಿದ. ಹಳೇ ಕಾಲದ ಬೀಗವೊಂದನ್ನು ಹಾಕಿಸಿ, ಕೀಲಿಕೈಯನ್ನು ಎರಡೂ ಕೈಯಿಂದ ನನಗೆ ಒಪ್ಪಿಸಿದ.

"ಅತ್ತೆ, ಇದರಲ್ಲಿ ಒಂದು ಹಲ್ಲು ಗಿಡ್ಡ. ಅದು ಹಾಗೇ ಇರಬೇಕು. ದಮ್ಮಯ್ಯ, ಅರ ತಗೊಂಡು ಉಳಿದ ಹಲ್ಲುಗಳನ್ನ ಸಮ ಮಾಡ್ಬೇಡಿ!"